ವಿದೇಶಿ ಸೇನೆಯಿಂದ ಭಯೋತ್ಪಾದನೆ ತಗ್ಗಿತೇ, ಹೆಚ್ಚಿತೇ? ಅಳೆದು ನೋಡುವ ಕ್ರಮ

ಪ್ರಬಂಧಕ್ಕೋ ಚರ್ಚಾಸ್ಪರ್ಧೆಗೋ ಈ ಪ್ರಶ್ನೆ ಎತ್ತಿಕೊಂಡವರು ಇಡೀ ಜಗತ್ತಿನ ಲೆಕ್ಕಕ್ಕೆ ಕೈ ಹಾಕಬೇಡಿ. ಒಂದೇ ಪ್ರಕರಣ ಆರಿಸಿ, ಅದನ್ನು ಕೊನೆಮುಟ್ಟ ನೋಡಿ. ಇಲ್ಲಿ ಶ್ರೀಲಂಕಾಕ್ಕೆ ಹೋಗಿದ್ದ ಭಾರತೀಯ ಶಾಂತಿಪಾಲನಾ ಪಡೆಯನ್ನು (ಐಪಿಕೆಎಫ್) ಇಟ್ಟುಕೊಂಡು ಕ್ರಮ ತೋರಿಸುತ್ತೇವೆ.

ದೊಡ್ಡ ಹಾಳೆಯೊಂದರಲ್ಲಿ ಮೂರು ಕಾಲಂ ಎಳೆಯಿರಿ: ಸೇನೆ ಬರುವ ಮುಂಚೆ, ಇದ್ದಾಗ, ಹೋದ ಮೇಲೆ. ಮೊದಲ ಮತ್ತು ಕೊನೆಯ ಕಾಲಂಗೆ ಕನಿಷ್ಠ ಮೂರು ವರ್ಷವಾದರೂ ಸಿಗಲಿ. ಹೆಚ್ಚಿನವರು ಎಡವುವುದು ಮೂರನೆಯದರಲ್ಲೇ. ಸೇನೆ ಊರು ಹಿಡಿದ ದಿನಕ್ಕೆ ಲೆಕ್ಕ ಮುಗಿಸಿಬಿಡುತ್ತಾರೆ.

ಕಾಲಂ ತುಂಬುವ ಮುನ್ನ ಯಾವುದನ್ನು ಎಣಿಸುತ್ತೀರಿ ಎಂದು ಬರೆದಿಟ್ಟುಕೊಳ್ಳಿ. ಸೈನಿಕರ ಮೇಲಿನ ಹೊಂಚುದಾಳಿ ಬೇರೆ, ನಾಗರಿಕರ ಮೇಲಿನ ದಾಳಿ ಬೇರೆ. ಎರಡನ್ನೂ ಒಂದೇ ರಾಶಿಗೆ ಹಾಕಿದರೆ ಸೇನೆ ಬಂದ ಕಡೆಯೆಲ್ಲ ಸಂಖ್ಯೆ ತಾನಾಗಿಯೇ ಏರುತ್ತದೆ, ಏಕೆಂದರೆ ಹೊಡೆಯಲು ಹೊಸ ಗುರಿ ಬಂದಿರುತ್ತದೆ. ಕಾನೂನಿನ ವ್ಯಾಖ್ಯೆಯನ್ನೇ ನೆಚ್ಚಿಕೊಳ್ಳುವಂತೆಯೂ ಇಲ್ಲ. ರಾಜೀವ್ ಗಾಂಧಿ ಹತ್ಯೆ ಪ್ರಕರಣದಲ್ಲಿ ಭಯೋತ್ಪಾದನೆ ತಡೆ ಕಾಯ್ದೆಯಾದ ಟಾಡಾ ಅಡಿಯ ಶಿಕ್ಷೆಗಳನ್ನು ಸುಪ್ರೀಂ ಕೋರ್ಟ್ 1999ರಲ್ಲಿ ರದ್ದುಪಡಿಸಿತು, ಕೊಲೆಯ ಅಪರಾಧ ಉಳಿಯಿತು.

ಮುಂದಿನದು, ಸೇನೆಗೆ ಒಪ್ಪಿಸಿದ ಕೆಲಸ. 1987ರ ಜುಲೈ 29ರ ಭಾರತ-ಶ್ರೀಲಂಕಾ ಒಪ್ಪಂದದ ಪ್ರಕಾರ ಪಡೆಯ ಕೆಲಸ ಕದನವಿರಾಮ ಕಾಯುವುದು, ಶಸ್ತ್ರ ಒಪ್ಪಿಸಿಕೊಳ್ಳುವುದು. ಅಕ್ಟೋಬರ್‌ನಲ್ಲಿ ಅದೇ ಪಡೆ, ಪ್ರತ್ಯೇಕ ತಮಿಳು ನಾಡಿಗಾಗಿ ಹೋರಾಡುತ್ತಿದ್ದ ಎಲ್‌ಟಿಟಿಇ ವಿರುದ್ಧ ‘ಆಪರೇಷನ್ ಪವನ್’ಗೆ ಇಳಿದಿತ್ತು. ಕೆಲಸ ಬದಲಾದ ತಾರೀಖಿನಲ್ಲಿ ಎರಡನೇ ಕಾಲಂ ಅನ್ನು ಇಬ್ಭಾಗ ಮಾಡಿ.

ಈಗ ನೆಲ, ಮಾಹಿತಿ, ಉಗ್ರರ ಗುಂಪಿಗೆ ಹೊಸಬರ ಸೇರ್ಪಡೆ ಎಂಬ ಮೂರು ಸಾಲುಗಳನ್ನು ತುಂಬಿ. ಉತ್ತರ ಶ್ರೀಲಂಕಾದ ಜಾಫ್ನಾ ಪಟ್ಟಣ ಅಕ್ಟೋಬರ್ ಮುಗಿಯುವುದರೊಳಗೆ ಕೈವಶವಾಯಿತು. ಹೋರಾಟಗಾರರು ವನ್ನಿ ಕಾಡಿಗೆ ಸರಿದರು. ನೆಲದ ಸಾಲಿನಲ್ಲಿ ಗೆಲುವು, ಸರಿ. ಆದರೆ ಯಾರ ಮನೆಯಲ್ಲಿ ಯಾರು ಅಡಗಿದ್ದಾರೆಂದು ಹೇಳಬೇಕಾದವರು ಊರಿನವರು, ಅವರು ನಂಬಿದರೆ ಮಾತ್ರ ಹೇಳುತ್ತಾರೆ. 1987ರ ಅಕ್ಟೋಬರ್ 21ರಂದು ಜಾಫ್ನಾ ಆಸ್ಪತ್ರೆಯೊಳಗೆ ರೋಗಿಗಳು, ವೈದ್ಯರು, ದಾದಿಯರು ಸತ್ತರು. ಗುಂಡಿನ ಚಕಮಕಿಯಲ್ಲಿ ಸತ್ತರೆಂದು ಸೇನೆ, ಗುಂಡಿಕ್ಕಿ ಕೊಂದರೆಂದು ಬದುಕುಳಿದವರು. ಎರಡೂ ಹೇಳಿಕೆ ದಾಖಲಿಸಿ. ನಮ್ಮ ಸೇನೆ ಎಂಬ ಅಭಿಮಾನಕ್ಕೆ ಈ ಸಾಲನ್ನು ಖಾಲಿ ಬಿಟ್ಟರೆ ಮುಂದಿನ ಯಾವ ಸಾಲೂ ಅರ್ಥವಾಗುವುದಿಲ್ಲ.

ಆತಿಥೇಯ ಸರ್ಕಾರದ ಮನಸ್ಸಿಗೂ ಒಂದು ಸಾಲು ಬೇಕು. ಪಡೆಯನ್ನು ಕರೆಸಿದವರು ಶ್ರೀಲಂಕಾದ ಅಧ್ಯಕ್ಷ ಜಯವರ್ಧನೆ. ಅವರ ನಂತರ ಬಂದ ಪ್ರೇಮದಾಸ 1989ರಲ್ಲಿ ‘ಹೊರಡಿ’ ಎಂದರು, ಅದೇ ಹೊತ್ತಿಗೆ ಎಲ್‌ಟಿಟಿಇಗೆ ಶಸ್ತ್ರವನ್ನೂ ಕೊಟ್ಟರು. ಕರೆದ ಮನೆಯೇ ಎದುರಾಳಿಯ ಬೆನ್ನಿಗೆ ನಿಂತ ಮೇಲೆ ಎಷ್ಟು ಬೆಟಾಲಿಯನ್ ಇದ್ದರೂ ಸಾಲದು. ದಕ್ಷಿಣದ ಸಿಂಹಳ ಸೀಮೆಯನ್ನೂ ಮರೆಯಬೇಡಿ: ಭಾರತೀಯ ಪಡೆ ಬಂದದ್ದೇ ಸಿಂಹಳ ಎಡಪಂಥೀಯ ಪಕ್ಷ ಜೆವಿಪಿಯ ದಂಗೆಗೆ ಉರುವಲಾಯಿತು.

ಮೂರನೇ ಕಾಲಂಗೆ ಬನ್ನಿ. ಸುಮಾರು 1,200 ಯೋಧರನ್ನು ಕಳೆದುಕೊಂಡ ಪಡೆ 1990ರ ಮಾರ್ಚ್‌ನಲ್ಲಿ ಪೂರ್ತಿ ಹಿಂದಿರುಗಿತು. ಜೂನ್‌ನಲ್ಲಿ ಮತ್ತೆ ಯುದ್ಧ. ಶರಣಾದ ನೂರಾರು ಪೊಲೀಸರನ್ನು ಎಲ್‌ಟಿಟಿಇ ಕೊಂದಿತು. ಜಾಫ್ನಾ 1995ರವರೆಗೂ ಅದರ ಹಿಡಿತದಲ್ಲಿತ್ತು. ಸೇಡು ಗಡಿ ದಾಟಿತೇ ಎಂಬುದನ್ನೂ ಇದೇ ಕಾಲಂನಲ್ಲಿ ಬರೆಯಿರಿ: 1991ರ ಮೇ 21, ಶ್ರೀಪೆರುಂಬುದೂರಿನಲ್ಲಿ ಪಡೆ ಕಳಿಸಿದ್ದ ರಾಜೀವ್ ಗಾಂಧಿಯ ಹತ್ಯೆ. ಅದೇ ಆಗಸ್ಟ್ 20ರಂದು ಬೆಂಗಳೂರಿನ ಕೋಣನಕುಂಟೆಯ ಮನೆಯಲ್ಲಿ ಆ ಹತ್ಯೆಯ ಸೂತ್ರಧಾರ ಶಿವರಾಸನ್, ಶುಭಾ ಮತ್ತು ಸಂಗಡಿಗರ ಶವಗಳು ಸಿಕ್ಕವು. ಪಡೆ ಹಿಂದಿರುಗಿ ಒಂದೂವರೆ ವರ್ಷವಾಗಿತ್ತು.

ಇಷ್ಟಾದ ಮೇಲೆ ‘ಸೇನೆ ಹೋದದ್ದೇ ಕೆಡುಕು’ ಅಥವಾ ‘ಬಂದದ್ದೇ ಕೆಡುಕು’ ಎಂದು ಬರೆಯುವ ಆಸೆಯಾಗುತ್ತದೆ. ತಡೆಯಿರಿ, ಎರಡನೇ ಪ್ರಕರಣವೊಂದನ್ನು ಪಕ್ಕದಲ್ಲಿಡಿ. ಪಶ್ಚಿಮ ಆಫ್ರಿಕಾದ ಮಾಲಿಯಲ್ಲಿ 2013ರ ಜನವರಿ 11ರಂದು ಇಳಿದ ಫ್ರೆಂಚ್ ಸೇನೆ ಆ ತಿಂಗಳೊಳಗೆ ಗಾವೊ, ಟಿಂಬಕ್ಟು ಪಟ್ಟಣಗಳನ್ನು ಜಿಹಾದಿಗಳ ಕೈಯಿಂದ ಬಿಡಿಸಿತು. 2014ರಲ್ಲಿ ಅದೇ ಕಾರ್ಯಾಚರಣೆ ‘ಬರ್ಖಾನ್’ ಆಗಿ ಸಹಾರಾ ಮರುಭೂಮಿಯ ದಕ್ಷಿಣ ಅಂಚಿನ ಸಾಹೇಲ್‌ಗೆಲ್ಲ ಚಾಚಿತು. ದಾಳಿಗಳು ಬುರ್ಕಿನಾ ಫಾಸೊ, ನೈಜರ್‌ಗೂ ಹಬ್ಬಿದವು. 2022ರ ಆಗಸ್ಟ್‌ನಲ್ಲಿ ಫ್ರೆಂಚರು ಮಾಲಿ ತೊರೆದರು. ದಾಳಿ ನಿಲ್ಲಲಿಲ್ಲ, 2024ರ ಸೆಪ್ಟೆಂಬರ್ 17ರಂದು ರಾಜಧಾನಿ ಬಮಾಕೊಗೇ ನುಗ್ಗಿದವು. ಇದನ್ನು ‘ವಿದೇಶಿ ಸೇನೆ ಇಲ್ಲದ’ ಅವಧಿ ಎಂದೂ ಬರೆಯುವಂತಿಲ್ಲ. ಅಷ್ಟರಲ್ಲಿ ರಷ್ಯಾದ ಖಾಸಗಿ ಸೇನೆ ವ್ಯಾಗ್ನರ್ ಬಂದಿತ್ತು.

ಆದ್ದರಿಂದ ತೀರ್ಮಾನವನ್ನು ಸಾಲುಸಾಲಾಗಿ ಬರೆಯಿರಿ, ಒಟ್ಟು ಅಂಕ ಕೊಡಬೇಡಿ. ನಮ್ಮ ಹಾಳೆಯಲ್ಲಿ ಎರಡೂ ಕಡೆ ನೆಲದ ಸಾಲು ವಾರಗಳಲ್ಲಿ ತುಂಬಿತು. ಮಾಹಿತಿ ಮತ್ತು ಆತಿಥೇಯರ ಸಮ್ಮತಿಯ ಸಾಲುಗಳು ವರ್ಷಗಳಾದಂತೆ ಬರಿದಾದವು. ನಿಮ್ಮ ಪ್ರಕರಣದಲ್ಲಿ ಆ ಎರಡು ಸಾಲು ಯಾವ ತಿಂಗಳಲ್ಲಿ ತಿರುಗಿದವು ಎಂದು ಹುಡುಕಿ, ಅಲ್ಲಿ ಕೆಂಪು ಗುರುತು ಹಾಕಿ.