ಟೈಸನ್ ದೊಡ್ಡಾಂವೋ ಜೋ ಲೂಯಿಸೋ? ಜಗಳಾಡೂಕಿಂತ ಮೊದ್ಲ ಹಿಂಗ ಲೆಕ್ಕಾ ಹಾಕ್ರಿ

ಹುಬ್ಬಳ್ಳಿ ಉಣಕಲ್ ಕೆರಿ ದಂಡಿ ಮ್ಯಾಲ ಗಿರ್ಮಿಟ್ ತಿನ್ಕೋತ ಕುಂತ್ರ ನಮ್ಮ ಹುಡುಗ್ರೊಳಗ ವಾರಕ್ಕೊಮ್ಮೆ ಈ ಜಗಳ ಇದ್ದದ್ದ: ಹೆವಿವೇಟ್ ಬಾಕ್ಸಿಂಗ್ ಚಾಂಪಿಯನ್‌ರೊಳಗ ಎಲ್ಲಾರಿಗಿಂತ ದೊಡ್ಡಾಂವ ಯಾರು? ಒಬ್ಬಾಂವ ಟೈಸನ್ ಅಂತಾನ, ಇನ್ನೊಬ್ಬಾಂವ ಮೊಹಮ್ಮದ್ ಅಲಿ ಬಿಟ್ರ ಯಾರೂ ಇಲ್ಲ ಅಂತಾನ, ಕಡೀಕ ಇಬ್ರೂ ಮೊಬೈಲ್ ತಗದು ನಾಕೌಟ್ ವಿಡಿಯೋ ತೋರಿಸ್ಕೋತ ಕುಂದರ್ತಾರ, ಅಷ್ಟೊತ್ತಿಗೆ ಮಿರ್ಚಿ ಆರಿ ಹೋಗಿರ್ತಾವ. ಮದಿವಿ ಆಲ್ಬಮ್ ನೋಡಿ ಸಂಸಾರ ಹೆಂಗೈತಿ ಅಂತ ಹೇಳಾಕ ಬರ್ತೈತೇನ್ರೀ?

ಮೊದ್ಲ ಮಾಡೂ ಕೆಲಸ ಏನಪಾ ಅಂದ್ರ "ಇಬ್ರನ್ನೂ ಒಂದ ರಿಂಗಿನ್ಯಾಗ ಬಿಟ್ರ ಯಾರ ಗೆಲ್ತಾರ" ಅನ್ನೂ ಪ್ರಶ್ನೆ ಬಿಟ್ಟಬಿಡ್ರಿ. ಹಳೇ ಕಾಲದ ಚಾಂಪಿಯನ್ ರಾಕಿ ಮಾರ್ಸಿಯಾನೋ ತೂಕ ಸುಮಾರು 84-85 ಕೆಜಿ, ಈಚಿನ ಚಾಂಪಿಯನ್ ವ್ಲಾದಿಮಿರ್ ಕ್ಲಿಚ್ಕೋದು 110ರ ಹತ್ರ. ಈಗಿನ ಲೆಕ್ಕದಾಗ ಮಾರ್ಸಿಯಾನೋ ಹೆವಿವೇಟೇ ಅಲ್ಲ, ಅದ್ರ ಕೆಳಗಿನ ವರ್ಗ ಕ್ರೂಸರ್‌ವೇಟ್‌ದ ಲಿಮಿಟ್ಟೇ 90.7 ಕೆಜಿ ಐತಿ. ನಾವು ನೋಡಬೇಕಾದ್ದು ಅಂವ ತನ್ನ ಕಾಲದ ಮಂದಿಗಿಂತ ಎಷ್ಟ ಮ್ಯಾಲಿದ್ದ ಅನ್ನೂದು, ಅಷ್ಟ.

ಹಾವೇರಿ ಕಡೆ ಹೋರಿ ಹಬ್ಬ ನೋಡಿದಾವ್ರಿಗೆ ಇದನ್ನ ಬಿಡಿಸಿ ಹೇಳೂದ ಬ್ಯಾಡ. ಹೋರಿ ಮೈಮ್ಯಾಲ ಕಟ್ಟಿದ ಕೊಬ್ಬರಿ ಯಾರಿಗೂ ಕೊಡಲಾರ್ದ ಓಡಿತು ಅಂದ ಕೂಡ್ಲೆ ಹಿರ್ಯಾರು ಕೇಳೂದು ಒಂದ ಮಾತು, ಹಿಡಿಯಾಕ ನಿಂತಾವ್ರು ಯಾರಿದ್ರು? ಬಾಕ್ಸಿಂಗಿಗೂ ಅದ ಪ್ರಶ್ನೆ.

ಹಂಗಾಗಿ ಒಂದ ನೋಟ್‌ಬುಕ್ ತಗೋರಿ, ಬಾಕ್ಸ್‌ರೆಕ್ ವೆಬ್‌ಸೈಟಿನ್ಯಾಗ ಆ ಚಾಂಪಿಯನ್‌ನ ರೆಕಾರ್ಡ್ ತಗೀರಿ, ಟೈಟಲ್ ಗೆದ್ದ ದಿನದಿಂದ ಕಳಕೊಂಡ ದಿನದ ತನಕ ಆಡಿದ ಫೈಟ್ ಅಷ್ಟ ಬರ್ಕೋರಿ. ಪ್ರತಿ ಎದುರಾಳಿ ಮುಂದ ಮೂರ ವಿಷಯ: ಆವತ್ತು ವಯಸ್ಸೆಷ್ಟು, ಹಿಂದಿನ ವರ್ಷ ದಿ ರಿಂಗ್ ಅನ್ನೂ ಬಾಕ್ಸಿಂಗ್ ಪತ್ರಿಕೆಯ ಟಾಪ್ 10ರಾಗ ಇದ್ನೋ ಇಲ್ಲೋ, ಮುಂದಿನ ಎರಡ ವರ್ಷದಾಗ ಯಾರನ್ನರ ಗೆದ್ನೋ ಇಲ್ಲೋ. ಈ ಮೂರನೇದನ್ನ ಯಾರೂ ನೋಡೂದಿಲ್ಲ, ನನಗಂತೂ ಅದ ಭಾಳ ಮುಖ್ಯ ಅನಸ್ತೈತಿ. 1988ರ ಜನವರಿಯಾಗ ಟೈಸನ್ ಹಿಂದಿನ ಚಾಂಪಿಯನ್ ಲ್ಯಾರಿ ಹೋಮ್ಸ್‌ನ ಕೆಡವಿದ್ದು ಪೇಪರ್ ಮ್ಯಾಲ ದೊಡ್ಡದು ಕಾಣ್ತೈತಿ, ಆದ್ರ ಹೋಮ್ಸ್‌ಗ ಆಗ 38, ಸುಮಾರು ಎರಡ ವರ್ಷ ಮನ್ಯಾಗ ಕುಂತು ಬಂದಿದ್ದ. ಮಾರ್ಸಿಯಾನೋದ 49-0 (49 ಗೆಲುವು, ಒಂದೂ ಸೋಲಿಲ್ಲ) ಕೇಳಿದ್ರ ಮೈ ಜುಂ ಅಂತೈತಿ, ಅದ್ರಾಗ ಟೈಟಲ್ ಡಿಫೆನ್ಸ್, ಅಂದ್ರ ಗೆದ್ದ ಟೈಟಲ್ ಉಳಿಸ್ಕೊಂಡ ಫೈಟ್, ಆರ ಅದಾವ, 1952ರಾಗ ಅಂವಗ ಟೈಟಲ್ ಸೋತ ವಾಲ್ಕಾಟ್‌ಗೂ ಆಗ 38.

ಆಮ್ಯಾಲ ಎಷ್ಟ ದಿನ, ಎಷ್ಟ ಸಲ. ಜೋ ಲೂಯಿಸ್ 1937ರಿಂದ 1949ರ ತನಕ ಚಾಂಪಿಯನ್, 25 ಡಿಫೆನ್ಸ್, ನಡುವ ನಾಕ ವರ್ಷ ಮಿಲಿಟರಿಯಾಗ ಇದ್ದದ್ದಕ್ಕ ಟೈಟಲ್ ಫೈಟೇ ಇಲ್ಲ. 1940ರ ಡಿಸೆಂಬರ್‌ನಿಂದ 1941ರ ಜೂನ್ ತನಕ ತಿಂಗಳಿಗೊಂದರಂಗ ಏಳ ಫೈಟ್! ಅವರೊಳಗ ಬಾಳ ಮಂದಿ ಸಾಧಾರಣ ಅಂತ ಆಗಿನ ಪೇಪರ್‌ನಾವ್ರೂ ಚಾಷ್ಟಿ ಮಾಡ್ಯಾರ, ಆದ್ರ ಏಳನೇ ಸಲ ಬಿಲ್ಲಿ ಕಾನ್ ಪಾಯಿಂಟ್ಸ್‌ನಾಗ ಮುಂದಿದ್ದಾಗ 13ನೇ ರೌಂಡಿನ್ಯಾಗ ಹೊಡದ ಕೆಡವಿದ್ನಲ್ಲ, ಅದನ್ನೂ ಬರ್ಕೋರಿ.

ಕ್ಲಿಚ್ಕೋ 2006ರಿಂದ 2015, 18 ಡಿಫೆನ್ಸ್. ಇಲ್ಲೊಂದು ಮಜಾ ಐತಿ ನೋಡ್ರಿ, ಆ ಕಾಲದಾಗ ಅಂವಗ ಖರೇ ಸರಿಸಮ ಇದ್ದಾಂವ ಅಣ್ಣ ವಿಟಾಲಿ, ಇನ್ನೊಂದ ಸಂಸ್ಥೆಯ ಚಾಂಪಿಯನ್ ಬೆಲ್ಟ್ ಅವನ ಹತ್ರನ 2008ರಿಂದ 2013ರ ತನಕ ಇತ್ತು, ಇಬ್ರೂ ಹೊಡದಾಡೂದಿಲ್ಲ ಅಂತ ಅವ್ವಗ ಮಾತ ಕೊಟ್ಟಿದ್ರು. ಹಂಗಾಗಿ ಅಣ್ಣನ ಹೆಸರಿನ ಮುಂದಿನ ಕಾಲಮ್ ಖಾಲಿ ಬಿಡಬೇಕು, ಅಂದಾಜಿನ ಮ್ಯಾಲ ತುಂಬಾಕ ಹೋಗಬ್ಯಾಡ್ರಿ.

ಸೋಲು ಬಂದ್ರ ಕೂಡ್ಲೆ ಮಾರ್ಕ್ಸ್ ಕಟ್ ಮಾಡಬ್ಯಾಡ್ರಿ. ಲೆನಾಕ್ಸ್ ಲೂಯಿಸ್ 1994ರಾಗ ಮೆಕಾಲ್‌ಗ, 2001ರಾಗ ರಹಮಾನ್‌ಗ ಸೋತ, ಇಬ್ರಿಗೂ ತಿರುಗಿ ಕೊಟ್ಟ. ಟೈಸನ್ 1990ರಾಗ ಟೋಕಿಯೋದಾಗ ಡಗ್ಲಾಸ್‌ಗ ಸೋತಾಂವ ಆ ಬಾಕಿ ತೀರಿಸ್ಲೇ ಇಲ್ಲ.

ಕಾಲದ ವಜಾನೂ ಮಾಡ್ಕೋರಿ. ಬಣ್ಣ ನೋಡಿ ಟೈಟಲ್ ಫೈಟ್ ತಪ್ಪಿಸೂ ಕಾಲ ಇತ್ತು, ಬಿಳಿ ಚಾಂಪಿಯನ್ ಜಾಕ್ ಡೆಂಪ್ಸಿ ಕಪ್ಪು ಬಣ್ಣದ ಹ್ಯಾರಿ ವಿಲ್ಸ್ ಕೂಡ ಆಡಲೇ ಇಲ್ಲ, ಅಲ್ಲಿ ನಾ ಅರ್ಧಾ ಮಾರ್ಕ್ಸ್ ಹಿಡಿತೀನಿ. ಮೊದ್ಲ 15 ರೌಂಡ್ ಇರ್ತಿದ್ದು, 1982ರಾಗ ಕೊರಿಯಾದ ಬಾಕ್ಸರ್ ಕಿಮ್ ಡುಕ್ ಕೂ ರಿಂಗಿನ್ಯಾಗ ಏಟ ತಿಂದು ತೀರಿಕೊಂಡ ಮ್ಯಾಲ 12ಕ್ಕ ಇಳಿಸಾಕ ಹತ್ತಿದ್ರು. ಮತ್ತ ಈಗ ನಾಕ ಬೆಲ್ಟ್, "ಚಾಂಪಿಯನ್" ಅಂದ್ರ ಯಾವ ಬೆಲ್ಟಿಂದು ಅಂತ ಕೇಳ್ರಿ.

ಕಡೀಕ, ತುದಿ (ಎಷ್ಟ ಎತ್ತರಕ್ಕ ಏರಿದ) ಬ್ಯಾರೆ, ಉದ್ದ (ಎಷ್ಟ ದಿನ ಆಳಿದ) ಬ್ಯಾರೆ. ಅಲಿ 1966ರ ಒಂದ ವರ್ಷದಾಗ ಐದ ಸಲ ಡಿಫೆಂಡ್ ಮಾಡ್ಯಾನ, ಒಬ್ರಿಗೂ ಸರಿಯಾಗಿ ಸಿಕ್ಕಿಲ್ಲ, ಮುಂದಿನ ವರ್ಷ ಯುದ್ಧಕ್ಕ ಹೋಗೂದಿಲ್ಲ ಅಂದಿದ್ದಕ್ಕ ಟೈಟಲ್ ಕಸ್ಕೊಂಡ್ರು. 1974ರಾಗ ಫೋರ್‌ಮನ್‌ನ ಗೆದ್ದ ಅಲಿ ದೊಡ್ಡಾಂವ ಖರೆ, ಆದ್ರ ಆ ಹೊತ್ತಿಗೆ ಫ್ರೇಜರ್, ನಾರ್ಟನ್ ಅಂವನ್ನ ಸೋಲಿಸಿ ಬಿಟ್ಟಿದ್ರು. ದೊಡ್ಡಸ್ತಿಕಿ ಒಂದ ಕಾಲಮ್, ದಬಾವಣಿ ಇನ್ನೊಂದ ಕಾಲಮ್, ಎರಡೂ ಕೂಡಿಸಬ್ಯಾಡ್ರಿ.

ನನ್ನ ಬುಕ್ಕಿನ್ಯಾಗ ಉದ್ದಕ್ಕ ಜೋ ಲೂಯಿಸ್ ಮೊದ್ಲ, ತುದಿಗೆ 1966ರ ಅಲಿ. ಟೈಸನ್ ಅಂತಿದ್ದ ಗೆಳ್ಯಾ ಸಿಟ್ಟ ಮಾಡ್ಕೊಂಡು ಈಗ ಉಕ್ರೇನಿನ ಬಾಕ್ಸರ್ ಉಸಿಕ್‌ನ ತಂದಾನ: 2021ರಿಂದ 2025ರ ಜುಲೈ ತನಕ ಆರ ಫೈಟ್, ಎದುರಾಳಿ ಮೂರ ಮಂದಿ, ಜೋಶುವಾ, ಫ್ಯೂರಿ, ಡುಬಾಯ್ಸ್, ಒಬ್ಬೊಬ್ರಿಗೆ ಎರಡೆರಡ ಸಲ. ಜೋ ಲೂಯಿಸ್‌ನ 25 ಡಿಫೆನ್ಸ್ ಪಕ್ಕ ಈ ಆರನ್ನ ಹೆಂಗ ತೂಗಬೇಕು ಅಂತ ಹೋದ ವಾರ ಕತ್ತಲಾಗೂ ತನಕ ಜಗಳಾಡೀವಿ, ಗಿರ್ಮಿಟ್ ರೊಕ್ಕಾ ಯಾರ ಕೊಡಬೇಕು ಅನ್ನೂದೂ ಬಗೀಹರ್ದಿಲ್ಲ.