ಬೆರಳು ತುಂಡಾದರೆ ಏನು ಮಾಡಬೇಕು?

ದಾಲ್ ಮಿಲ್ಲಿನ ಬೆಲ್ಟಿಗೆ ಸಿಕ್ಕು ಬೆರಳು ತುಂಡಾಯಿತು ಅಂದುಕೊಳ್ಳಿ. ಕಲಬುರಗಿಯಂಥ ತೊಗರಿ ಊರಲ್ಲಿ ಇದು ಆಗದ ಮಾತೇನಲ್ಲ. ತುಂಡಾದ ಬೆರಳನ್ನು ಮತ್ತೆ ಜೋಡಿಸಬಹುದು. ಜಪಾನಿನಲ್ಲಿ 1965ರಲ್ಲೇ ಪೂರ್ತಿ ತುಂಡಾದ ಹೆಬ್ಬೆರಳನ್ನು ಜೋಡಿಸಿದ್ದರು.

ಮೊದಲು ಗಾಯದ ಮೇಲೆ ಸ್ವಚ್ಛ ಬಟ್ಟೆ ಒತ್ತಿ ಹಿಡಿದು, ಕೈ ಮೇಲೆತ್ತಿ. ಅರಿಶಿನ, ಚಹಾಪುಡಿ ಮೆತ್ತಬೇಡಿ.

ತುಂಡನ್ನು ಸ್ವಚ್ಛ ನೀರಲ್ಲಿ ಮೆಲ್ಲಗೆ ತೊಳೆಯಿರಿ. ಒದ್ದೆ ಮಾಡಿ ಹಿಂಡಿದ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಕಟ್ಟಿ. ಆ ಚೀಲವನ್ನು ಐಸ್ ಬೆರೆಸಿದ ನೀರಿನ ಡಬ್ಬಿಯಲ್ಲಿಡಿ. ಬೆರಳಿಗೆ ಐಸ್ ನೇರವಾಗಿ ತಾಗಬಾರದು. ನಮ್ಮ ಮನೆಯಲ್ಲೇ ಒಮ್ಮೆ ಗಾಬರಿಯಲ್ಲಿ ಬರೀ ಐಸ್ ಮೇಲೆ ಇಟ್ಟುಕೊಂಡು ಓಡಿದ್ದೆವು. ತುಂಡು ಮರಗಟ್ಟಿ ಬೆಳ್ಳಗಾಗಿತ್ತು, ಡಾಕ್ಟರು ನೋಡಿ ತಲೆ ಅಲ್ಲಾಡಿಸಿದರು.

ತುಂಡನ್ನು ತಣ್ಣಗಿಡದಿದ್ದರೆ ಬೆರಳು ಜೋಡಿಸಲು ಸುಮಾರು 12 ಗಂಟೆ ಸಮಯ. ಮಾಂಸಖಂಡ ಇರುವ ಮುಂಗೈ, ತೋಳಿಗೆ 6 ಗಂಟೆಯಷ್ಟೇ. 40 ಡಿಗ್ರಿ ದಾಟುವ ನಮ್ಮ ಮೇ ತಿಂಗಳಲ್ಲಿ ಇನ್ನೂ ಕಡಿಮೆ ಅಂತಲೇ ತಿಳಿಯಿರಿ. ಆದ್ದರಿಂದ ಹೊರಡುವ ಮುಂಚೆ ಆಸ್ಪತ್ರೆಗೆ ಫೋನ್ ಮಾಡಿ, ಮೈಕ್ರೋಸರ್ಜರಿ (ಸಣ್ಣ ರಕ್ತನಾಳ ಹೊಲಿಯುವ ಆಪರೇಷನ್) ಮಾಡುವ ಪ್ಲಾಸ್ಟಿಕ್ ಸರ್ಜನ್ ಇದ್ದಾರಾ ಕೇಳಿ. ಇಲ್ಲವೆಂದರೆ ನೇರ ಸೊಲ್ಲಾಪುರ ಅಥವಾ ಹೈದರಾಬಾದ್ ಹಾದಿ ಹಿಡಿಯಿರಿ. ದಾರಿಯಲ್ಲಿ ನೀರು, ಚಹಾ ಏನೂ ಕೊಡಬೇಡಿ, ಅರಿವಳಿಕೆ ಕೊಡಬೇಕಾಗುತ್ತದೆ. ಸಕ್ಕರೆ, ಬಿಪಿ ಮಾತ್ರೆಯ ಚೀಟಿ ಜೊತೆಗಿರಲಿ.

ಆಪರೇಷನ್ ಥಿಯೇಟರಿನ ಒಳಗೆ ಸುಮಾರು 1 ಮಿ.ಮೀ. ದಪ್ಪದ ರಕ್ತನಾಳವನ್ನು ಮೈಕ್ರೋಸ್ಕೋಪಿನಡಿ ಕೂದಲಿಗಿಂತ ಸಣ್ಣ ದಾರದಲ್ಲಿ ಹೊಲಿಯುತ್ತಾರೆ. ಗಂಟೆಗಟ್ಟಲೆ ಹಿಡಿಯುತ್ತದೆ. ಸುಮ್ನೆ ಬಾಗಿಲು ತಟ್ಟಬೇಡಿ.

ನಿಜವಾದ ಪರೀಕ್ಷೆ ಆಮೇಲಿನ ಮೂರು ದಿನ. ನರ್ಸ್ ಗಂಟೆಗೊಮ್ಮೆ ಬೆರಳ ತುದಿ ಒತ್ತಿ ಬಿಡುತ್ತಾರೆ. ಸುಮಾರು ಎರಡು ಸೆಕೆಂಡಲ್ಲಿ ಕೆಂಪು ಮರಳಬೇಕು. ಬಿಳಿಚಿ ತಣ್ಣಗಾದರೆ ರಕ್ತ ಬರುತ್ತಿಲ್ಲ. ನೀಲಿಗಟ್ಟಿ ಊದಿಕೊಂಡರೆ ಬಂದದ್ದು ವಾಪಸ್ ಹೋಗುತ್ತಿಲ್ಲ, ಆಗ ಕೆಲವೊಮ್ಮೆ ಜಿಗಣೆ ಹಚ್ಚುವುದೂ ಉಂಟು! ಬಣ್ಣ ಬದಲಾದರೆ ಬೆಳಗಿನ ರೌಂಡ್ಸ್‌ಗೆ ಕಾಯದೆ, ರಾತ್ರಿ ಎರಡಾದರೂ ಸರಿ, ತಕ್ಷಣ ಕೂಗಿ.

ಕೋಣೆ ಬೆಚ್ಚಗಿರಬೇಕು. ಬೇಸಿಗೆಯಲ್ಲಿ ಕೂಲರ್ ಬಂದ್ ಮಾಡಿಸುವುದೇ ಜಗಳದ ಕೆಲಸ. ಆದರೆ ತಣ್ಣನೆ ಗಾಳಿಗೆ ರಕ್ತನಾಳ ಮುದುಡುತ್ತದೆ. ಬೀಡಿ, ಗುಟ್ಕಾ ಅದಕ್ಕಿಂತ ಜಾಸ್ತಿ ಕೆಡುಕು. ನೋಡಲು ಬಂದ ಕಾಕಾ ಬೀಡಿ ಹಚ್ಚಿದರೂ ಅಷ್ಟೇ, ಮುಲಾಜಿಲ್ಲದೆ ಹೊರಗೆ ಕಳಿಸಿ.

ನರ ದಿನಕ್ಕೆ ಸುಮಾರು 1 ಮಿ.ಮೀ. ಬೆಳೆಯುತ್ತದೆ. ಸ್ಪರ್ಶ ಬರಲು ತಿಂಗಳುಗಳೇ ಬೇಕು. ಅಲ್ಲಿವರೆಗೆ ಹಂಚಿನ ಮೇಲಿನ ರೊಟ್ಟಿಯನ್ನು ಆ ಕೈಯಿಂದ ತಿರುವಬೇಡಿ. ಸುಟ್ಟರೂ ಗೊತ್ತಾಗುವುದಿಲ್ಲ.