ಸಿಂಹಕ್ಕೆ ಕಟ್ಟಿದ ದೀಪ ನಮ್ಮ ಚಿರತೆಗೂ ಆಯಿತು

ದೇವಿಮನೆ ಘಟ್ಟದ ಮೇಲಿನ ನಮ್ಮ ಊರಲ್ಲಿ ಹೆಚ್ಚುಕಮ್ಮಿ ಎರಡು ವರ್ಷದಿಂದ ಚಿರತೆ ಒಂದು ಕರುವನ್ನೂ ಕೊಟ್ಟಿಗೆಯಿಂದ ಎಳೆದಿಲ್ಲ. ಅದು ಊರು ಬಿಟ್ಟು ಹೋಗಿಲ್ಲ. ಸೊಪ್ಪಿನ ಬೆಟ್ಟದಲ್ಲಿ ಈಗಲೂ ಹೆಜ್ಜೆ ಕಾಣುತ್ತದೆ. "ಬೋನು ಇಡಿಸೋದು ಬಿಟ್ಟು ಇದೆಂತ ಮಾರಾಯ, ಗಣಪತಿ ಮಂಟಪದ ಲೈಟಾ?" ಎಂದಿದ್ದ ನಮ್ಮ ಭಾವನವರೇ ಮೊನ್ನೆ ತಮ್ಮ ಕೊಟ್ಟಿಗೆಗೂ ಚಿರತೆ ಬೆದರಿಸುವ ಮಿನುಗು ದೀಪ ಹಾಕಿಸಿಕೊಂಡರು. ಅದಕ್ಕೇ ಈಗ ಬರೆಯುತ್ತಿದ್ದೇನೆ.

ಬೋನು ಬೇಡ ಎಂದು ನಾನು ಹಟ ಹಿಡಿದದ್ದು ಜುನ್ನರ್ ಕತೆ ಗೊತ್ತಿದ್ದರಿಂದ. ಮಹಾರಾಷ್ಟ್ರದ ಆ ಭಾಗದಲ್ಲಿ 2001ರ ಹೊತ್ತಿಗೆ ಚಿರತೆಗಳನ್ನು ಹಿಡಿದು ಬೇರೆ ಕಾಡಿಗೆ ಬಿಡತೊಡಗಿದರು. ಜನರ ಮೇಲಿನ ದಾಳಿ ವರ್ಷಕ್ಕೆ 4ರಷ್ಟು ಇದ್ದದ್ದು 17ರ ಹತ್ತಿರ ಹೋಯಿತು. ಒಂದನ್ನು ಸಾಗಿಸಿದರೆ ಆ ಜಾಗಕ್ಕೆ ಇನ್ನೊಂದು ಬರುತ್ತದೆ, ಅಲ್ವಾ?

ದೀಪದ ಉಪಾಯ ಕೀನ್ಯಾದ್ದು. ನೈರೋಬಿ ರಾಷ್ಟ್ರೀಯ ಉದ್ಯಾನದ ಅಂಚಿನಲ್ಲಿ ದನ ಕಾಯುತ್ತಿದ್ದ ಮಸಾಯಿ ಬುಡಕಟ್ಟಿನ ಹುಡುಗ ರಿಚರ್ಡ್ ಟುರೆರೆ ಬೆಂಕಿ ಹಾಕಿ ನೋಡಿದ, ಬೆರ್ಚಪ್ಪ ನಿಲ್ಲಿಸಿ ನೋಡಿದ. ಸಿಂಹ ಕ್ಯಾರೇ ಅನ್ನಲಿಲ್ಲ. ಟಾರ್ಚ್ ಹಿಡಿದು ಓಡಾಡಿದ ರಾತ್ರಿ ಮಾತ್ರ ಹತ್ತಿರ ಬರಲಿಲ್ಲ. ಆಗ ಹಳೇ ಕಾರ್ ಬ್ಯಾಟರಿ, ಸೋಲಾರ್, ಬೈಕಿನ ಇಂಡಿಕೇಟರ್ ಮಿನುಗಿಸುವ ಡಬ್ಬಿ (ಫ್ಲಾಷರ್) ಸೇರಿಸಿ, ಯಾರೋ ನಡೆದಾಡುತ್ತಿರುವಂತೆ ಮಿನುಗುವ ದೀಪ ಮಾಡಿದ. ಆಗ ಅವನಿಗೆ 11 ವರ್ಷ.

ಅದನ್ನೇ ಇಲ್ಲಿ ತಂದು ಕಟ್ಟಿದರೆ ಮೊದಲ ಮಳೆಗಾಲವೇ ನುಂಗಿತು. ಜೂನ್‌ನಿಂದ ಆಗಸ್ಟ್‌ವರೆಗೆ ನಮ್ಮಲ್ಲಿ ಬಿಸಿಲೆಲ್ಲಿ? ಸೋಲಾರ್ ಚಾರ್ಜೇ ಆಗಲಿಲ್ಲ. ಫ್ಲಾಷರಿನ ಕ್ಲಿಪ್ಪುಗಳು ಹಸಿರು ಕಿಲುಬು ಹಿಡಿದವು. ಹೊಸದೆಂದು ಕೊಟ್ಟ ಬ್ಯಾಟರಿ ಹಳೇ ಮಾಲು, ಸುಮಾರು ಮೂರೂವರೆ ಸಾವಿರ ನೀರಿಗೆ ಹೋಯಿತು. ಈಗ ಬ್ಯಾಟರಿಗೆ ಮನೆ ಕರೆಂಟಿನಿಂದಲೇ ಚಾರ್ಜ್. ಕರೆಂಟ್ ಹೋದರೂ ಒಂದೆರಡು ರಾತ್ರಿ ತಡೆಯುತ್ತದೆ. ಎಲ್‌ಇಡಿಗೆ ಹಳೇ ಮಾದರಿ ಫ್ಲಾಷರ್ ಹಾಕಬೇಡಿ, ಲೋಡ್ ಸಾಲದೆ ಸರಿಯಾಗಿ ಮಿನುಗುವುದಿಲ್ಲ. ಎಲೆಕ್ಟ್ರಾನಿಕ್ ಫ್ಲಾಷರ್ ಕೇಳಿ. ದೀಪ ಒಂದೇ ಕಡೆ ಬಿಟ್ಟರೂ ಚಿರತೆಗೆ ಅಭ್ಯಾಸವಾಗಿಬಿಡುತ್ತದೆ, ಆಗಾಗ ಜಾಗ ಬದಲಿಸಬೇಕು. ಯಾವ ಎತ್ತರ, ಯಾವುದರ ನಂತರ ಯಾವುದು ಹೊತ್ತಬೇಕು ಎಂಬ ಲೆಕ್ಕ ನನ್ನ ಹತ್ತಿರವೇ ಇರಲಿ. ಮನೆಗೆ ಬಂದವರಿಗೆ ತೋರಿಸುತ್ತೇನೆ.

ನಡುವೆ ಬೇರೆಯದನ್ನೂ ನೋಡಿದೆ. ರಾತ್ರಿಯಿಡೀ ರೇಡಿಯೋ ಹಚ್ಚಿಟ್ಟೆ, ಒಂದು ವಾರ ನಡೆಯಿತು, ಅಷ್ಟೇ. ಮೆಣಸಿನ ಹೊಗೆಗೆ ದನಗಳೇ ಕೆಮ್ಮಿದವು. ನಾಯಿಗೆ ಮೊಳೆ ಹೊಡೆದ ಕೊರಳಪಟ್ಟಿ ಮಾತ್ರ ಒಳ್ಳೇದು, ಇನ್ನೂ ಇದೆ.

ಆದರೆ ಬರೀ ದೀಪ ನಂಬಿ ಮಲಗಬೇಡಿ. ನಮ್ಮ ಕೊಟ್ಟಿಗೆಗಳೆಂದರೆ ಗೊತ್ತಲ್ಲ, ಅರ್ಧ ಗೋಡೆ, ಮೇಲೆ ಅಡಿಕೆ ಮರ ಸೀಳಿದ ದಬ್ಬೆ. ಕರು ಹೋದ ಬೆಳಿಗ್ಗೆ ಹೋಗಿ ನೋಡಿದೆ. ಎರಡು ದಬ್ಬೆ ಹೊರಕ್ಕೆ ಬಾಗಿದ್ದವು. ಮೂರನೆಯದರ ಮೇಲೆ ನಾಲ್ಕು ಉದ್ದನೆಯ ಗೀರು, ಸೀಳಿನ ತುದಿಗೆ ಹಳದಿ ಕೂದಲು ಸಿಕ್ಕಿಕೊಂಡಿತ್ತು. ಒಂದು ಕೈ ಹೋಗುವ ಸಂದಿ ಸಾಕು ಅದಕ್ಕೆ. ಗೋಡೆಯಿಂದ ಮಾಡಿನವರೆಗೆ ಗಟ್ಟಿ ಜಾಲರಿ ಹೊಡೆಸಿದೆ, ಕೂಲಿ ಸೇರಿ ಹದಿನಾಲ್ಕು ಸಾವಿರದ ಆಸುಪಾಸು. ದೀಪಕ್ಕೆ ಎಲ್ಲ ಸೇರಿ ಐದು ಸಾವಿರ ಹಿಡಿಯಿರಿ. ಒಂದು ಎಮ್ಮೆಯ ಬೆಲೆಯ ಮುಂದೆ ಇದೇನೂ ಅಲ್ಲ.

ರಾತ್ರಿ ನಾಯಿಗಳನ್ನು ಒಳಗೆ ಕಟ್ಟಿ. ಚಿರತೆ ಅಂಗಳಕ್ಕೆ ಬರುವುದೇ ಜಾಸ್ತಿ ನಾಯಿಯ ಆಸೆಗೆ. ರಸ್ತೆ ತಿರುವಿನಲ್ಲಿ ಕೋಳಿ ತ್ಯಾಜ್ಯ ಸುರಿಯುವುದನ್ನು ನಿಲ್ಲಿಸಲು ಜಗಳವೇ ಆಡಬೇಕಾಯಿತು. ಅದು ನಿಂತ ಮೇಲೆ ಬೀದಿನಾಯಿಗಳೂ ಕಡಿಮೆಯಾದವು.

ಜನರನ್ನು ಒಪ್ಪಿಸಿದ್ದೂ ಕೀನ್ಯಾದ ಇನ್ನೊಂದು ಪಾಠದಿಂದ. ಅಂಬೊಸೆಲಿಯಲ್ಲಿ 2007ರಿಂದ ಲಯನ್ ಗಾರ್ಡಿಯನ್ಸ್ ಎಂಬ ತಂಡ ಇದೆ. ಮೊದಲು ಸಿಂಹ ಬೇಟೆಯಾಡುತ್ತಿದ್ದ ಮಸಾಯಿ ಯುವಕರೇ ಅದರ ಜಾಡು ಹಿಡಿದು ದನಗಾಹಿಗಳಿಗೆ ಮುಂಚೆಯೇ ಹೇಳುತ್ತಾರೆ, ಮುರಿದ ದೊಡ್ಡಿ ರಿಪೇರಿ ಮಾಡಿಸುತ್ತಾರೆ, ಸಿಂಹಗಳಿಗೆ ಹೆಸರಿಡುತ್ತಾರೆ. ನಮ್ಮಲ್ಲೂ ಬೆಟ್ಟಕ್ಕೆ ಸೊಪ್ಪು, ದರಕು (ಒಣ ಎಲೆ) ತರಲು ಹೋಗುವ ನಾಲ್ಕೈದು ಹುಡುಗರು ಹೆಜ್ಜೆ ಕಂಡ ಕೂಡಲೇ ಎಲ್ಲರಿಗೂ ಫೋನ್ ಮಾಡುತ್ತಾರೆ. ಅವತ್ತು ದನ ಬೇಗ ಒಳಗೆ. ಒಂದು ಮನೆಯ ಸಿಸಿಟಿವಿಯಲ್ಲಿ ಎಡಗಿವಿ ಹರಿದ ಹೆಣ್ಣು ಚಿರತೆ ಸಿಕ್ಕಿತು. ಮಕ್ಕಳು ಗೌರಿ ಎಂದು ಕರೆದರು. ಗೌರಿಯನ್ನು ಹಿಡಿಸಿ ಎಂದು ಆಮೇಲೆ ಯಾರೂ ಕೇಳಿಲ್ಲ.

ಹಿರಿಯರಿಗೆ ನಾನು ಬೇರೇನೂ ಹೇಳಬೇಕಾಗಲಿಲ್ಲ. ದೀಪಾವಳಿಗೆ ದನಗಳನ್ನು ಸಿಂಗರಿಸಿ, ಹುಲಿದೇವರು ಹುಲಿಯಪ್ಪನಿಗೆ ಕಾಯಿ ಒಡೆದು, ದನ ಕಾಯಪ್ಪಾ ಎಂದು ಬೇಡಿಕೊಳ್ಳುವ ಊರು ನಮ್ಮದು. ಹೋದ ಹಬ್ಬದಲ್ಲಿ ಕಟ್ಟೆಯ ಹತ್ತಿರವೇ ಕೂತು ಜಾಲರಿಗೆ ದುಡ್ಡು ಒಟ್ಟು ಮಾಡಿದೆವು. ಕೊಡಲಾಗದವರು ಕೂಲಿ ಕೆಲಸಕ್ಕೆ ಬಂದರು.

ಕೆಳಗಿನ ಕೇರಿಯ ಎರಡು ಕೊಟ್ಟಿಗೆ ಬಾಕಿ ಇವೆ. ಜಾಲರಿ ಬಂದು ಬಿದ್ದಿದೆ. ಅಡಿಕೆ ಕೊನೆಕೊಯ್ಲು ಮುಗಿದ ಕೂಡಲೇ ಹೊಡೆಯುತ್ತೇವೆ.